ಸಟನ್ ಹೂ ಖಡ್ಗದ ಪ್ರತಿಕೃತಿ: ಸರಳು ಎಷ್ಟು, ತಿರುಚೋದು ಎಷ್ಟು?

ಅಡಿಗಲ್ಲು:
ಇಂಗ್ಲೆಂಡಿನ ಸಫೊಕ್‌ನಲ್ಲಿ ಸಟನ್ ಹೂ ದಿಬ್ಬ ಅಗೆದಾಗ 1939ರಲ್ಲಿ ಸಿಕ್ಕ ಹಡಗು-ಸಮಾಧಿಯ ಖಡ್ಗ ಗೊತ್ತಿರಬಹುದು. ಅಲಗು ತುಕ್ಕು ಹಿಡಿದು ಒರೆಗೇ ಕಚ್ಚಿಕೊಂಡಿದೆ, ಒಳಗಿನ ವಿನ್ಯಾಸ ಎಕ್ಸ್‌ರೇಯಲ್ಲಷ್ಟೇ ಕಾಣೋದು. ಪದರ ಪದರದ ಸರಳುಗಳನ್ನು ತಿರುಚಿ, ಪಕ್ಕಪಕ್ಕ ಇಟ್ಟು ಬೆಸೆದು ಮಾಡುವ ಆ ಬಗೆಯ, ಸುಮಾರು 72 ಸೆಂ.ಮೀ. ಅಲಗು ಮಾಡಬೇಕಿದೆ. ಗ್ಯಾಸ್ ಕುಲುಮೆ ಇದೆ. 1075 ಮತ್ತು 15ಎನ್20 ಅನ್ನೋ ಎರಡು ಬಗೆಯ ಸ್ಟೀಲ್ ಪಟ್ಟಿಗಳಿವೆ.

ಎಕ್ಸ್‌ರೇಯಲ್ಲಿ ಬಲೆ ಹೆಣೆದ ಹಾಗೆ ಗೆರೆಗಳಿವೆ. ಅದು ಬರಬೇಕಾದರೆ ಸರಳುಗಳನ್ನು ಹೇಗೆ ತಿರುಚಬೇಕು? ನನ್ನ ಕುಲುಮೆಯ ಅಳತೆಗೆ 40 ಸೆಂ.ಮೀ. ಸರಳು ಬೆಸೆದು ಆಮೇಲೆ ಬಡಿದು ಉದ್ದ ಮಾಡಿದರೆ ನಡೆಯುತ್ತಾ? ಇದೂ ನಮ್ಮ ಕಡೆ ಹಿಂದೆ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕೂ ಒಂದೇನಾ? ಎಲ್ಲರೂ ಎರಡಕ್ಕೂ ದಮಾಸ್ಕಸ್ ಅಂತಾರೆ.

ಕುಲುಮೆಕಿಡಿ:
ಮೊದಲು ಆ ಬಲೆಯ ವಿಷಯ. ಎಕ್ಸ್‌ರೇಗೆ ಹಿಂದು-ಮುಂದು ಅಂತಿಲ್ಲ, ಎರಡೂ ಮುಖದ ಗೆರೆ ಒಂದರ ಮೇಲೊಂದು ಬೀಳುತ್ತವೆ. ತಿರುಚಿದ ಒಂದೇ ಸರಳಿನ ಎಕ್ಸ್‌ರೇ ತೆಗೆದರೂ ಬಲೆಯೇ ಕಾಣೋದು. ಕಣ್ಣಿಗೆ ಕಾಣುತ್ತಿದ್ದದ್ದು ಮೀನಿನ ಮುಳ್ಳಿನಂಥ ಹೆಣಿಗೆ: ಒಂದು ಸರಳು ಎಡಕ್ಕೆ ತಿರುಚಿದ್ದು, ಪಕ್ಕದ್ದು ಬಲಕ್ಕೆ, ನಡುನಡುವೆ ತಿರುಚದೆ ಬಿಟ್ಟ ನೇರ ಭಾಗ. ಸಟನ್ ಹೂ ಅಲಗಿನಲ್ಲಿ ಮುಖಕ್ಕೆ ನಾಲ್ಕರಂತೆ ಎಂಟು ಸರಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ಸುತ್ತ ಬೇರೆ ಸರಳಿನ ಬಾಯಿ, ಅಂದರೆ ಕತ್ತರಿಸೋ ಅಂಚು. ಮೊದಲ ಸಲಕ್ಕೆ ಎಂಟು ಬೇಡ, ನಾಲ್ಕೇ ಸಾಕು.

40 ಸೆಂ.ಮೀ. ಲೆಕ್ಕ ಕೈ ಕೊಡುತ್ತೆ. ತಿರುಚಿದ ಮೇಲೆ ಉದ್ದ ಎಳೆದರೆ ಗೆರೆಯೂ ಎಳೆದುಕೊಂಡು ಮಲಗುತ್ತೆ. 45 ಡಿಗ್ರಿಯ ಗೆರೆ 40ರಿಂದ 75ಕ್ಕೆ ಹೋಗುವಷ್ಟರಲ್ಲಿ 28 ಡಿಗ್ರಿಗೆ ಇಳಿದಿರುತ್ತೆ, ಹೆಣಿಗೆ ಹೋಗಿ ಮರದ ಎಳೆ ಆಗುತ್ತೆ. 8 ಮಿ.ಮೀ. ಚೌಕದ, 60 ಸೆಂ.ಮೀ. ಸರಳು ಮಾಡಿ. ಬೆಸೆದು ಬಡಿದು ದಪ್ಪ 5.5 ಮಿ.ಮೀ.ಗೆ ಬರುವಾಗ ಉದ್ದ ತಾನೇ 75ರ ಹತ್ತಿರ ಬರುತ್ತೆ. ಆ ಎಳೆತ ಮೊದಲೇ ಲೆಕ್ಕ ಹಿಡಿದು 10 ಸೆಂ.ಮೀ.ಗೆ ಸುಮಾರು 5 ಸುತ್ತು ತಿರುಚಿದರೆ ಕೊನೆಗೆ 45ರ ಆಸುಪಾಸು ನಿಲ್ಲುತ್ತೆ. ಕುಲುಮೆಯ ಹಿಂಬದಿ ಬಾಗಿಲು ತೆಗೆದು ಸರಳನ್ನು ಆಚೀಚೆ ಜರುಗಿಸಿದರೆ ಉದ್ದದ ಸಮಸ್ಯೆ ಇಲ್ಲ.

ಸರಳಿಗೆ 7 ಪದರ ಇಡಿ, 4 ಕಪ್ಪು (1075), 3 ಬಿಳಿ (15ಎನ್20). ಬಾಯಿಗೆ ಬರೀ 1075, ಅದೇ 8 ಮಿ.ಮೀ. ಚೌಕ, 130 ಸೆಂ.ಮೀ. ಲೆಕ್ಕಕ್ಕೆ ಎಲ್ಲ ಸೇರಿ 1.9 ಕೆ.ಜಿ. ಆಗುತ್ತೆ, ಹೊಪ್ಪಳೆ, ಉಜ್ಜಾಟ, ಕತ್ತರಿಸಿ ಬಿಸಾಡೋ ತುದಿಗಳಿಗೆ ಅಂತ 3 ಕೆ.ಜಿ. ಇಟ್ಟುಕೊಂಡೇ ಶುರು ಮಾಡಿ. ಬೆಸುಗೆ ಕೂಡಲು ಹಾಕೋ ಬಿಳಿಗಾರವನ್ನು (ಬೋರಾಕ್ಸ್) ಕೆಂಪು ಕಾವಿಗೆ ಬಂದ ಮೇಲೆ ಉದುರಿಸಿ, ಅದು ಕರಗೋದೇ 740ರ ಮೇಲೆ. ಬೆಸುಗೆ 1150ರಿಂದ 1200 ಡಿಗ್ರಿಯಲ್ಲಿ, ಮೊದಲ ಏಟುಗಳು ಹಗುರ. ಆತುರಪಟ್ಟು ಜೋರಾಗಿ ಬಡಿದರೆ ಪದರ ಜಾರುತ್ತೆ.

ತಿರುಚುವಾಗ ಒಂದು ಸಲಕ್ಕೆ 15 ಸೆಂ.ಮೀ. ಮಾತ್ರ, ಸಮನಾದ ಕಿತ್ತಳೆ-ಹಳದಿ ಕಾವು. ಹೆಚ್ಚು ಬಿಸಿ ಇದ್ದ ಕಡೆ ಎಲ್ಲ ಸುತ್ತೂ ಅಲ್ಲೇ ಸೇರಿಕೊಳ್ಳುತ್ತೆ. ಅಲ್ಲಿಗೆ ಲೋಟದಿಂದ ಒಂದಿಷ್ಟು ನೀರು ಬಿಟ್ಟರೆ ಸುತ್ತು ಮುಂದಕ್ಕೆ ಹೋಗುತ್ತೆ. ಬೆಸುಗೆ ಕೂತಿಲ್ಲದಿದ್ದರೆ ಪದರ ಬಾಯಿ ಬಿಡೋದೂ ಇಲ್ಲೇ, ಅದು ಒಳ್ಳೆಯದೇ: ಅಲಗಾದ ಮೇಲೆ ತಿಳಿಯೋದಕ್ಕಿಂತ ಈಗಲೇ ತಿಳಿಯಿತು.

ತಿರುಚಿದ ಸರಳಿನ ಮೈಮೇಲೆ ಸ್ಕ್ರೂವಿನ ಸುತ್ತಿನ ಹಾಗೆ ತೋಡು ಬಿದ್ದಿರುತ್ತವೆ. ಮತ್ತೆ ಚೌಕಕ್ಕೆ ತಂದು, ನಾಲ್ಕೂ ಮೈಯನ್ನು ಹೊಳಪು ಲೋಹ ಕಾಣುವವರೆಗೆ ಉಜ್ಜಲೇಬೇಕು. ಹಾಗೇ ಬೆಸೆದರೆ ತೋಡಿನ ಕಿಟ್ಟ ಅಲಗಿನ ನಡುವೆ ಕಪ್ಪು ಚುಕ್ಕೆಗಳ ಸಾಲಾಗಿ ಉಳಿದುಬಿಡುತ್ತೆ.

ಇನ್ನೊಂದು: ಅಲಗಿನ ನಡುವೆ ಉದ್ದಕ್ಕೂ ಇರೋ ತಗ್ಗನ್ನು ಉಜ್ಜಿ ಮಾಡ್ತೀರೋ, ಬಡಿದು ಮಾಡ್ತೀರೋ ಅನ್ನೋದರ ಮೇಲೆ ಚಿತ್ರವೇ ಬೇರೆ. ಸರಳಿನ ಮೇಲ್ಮೈಯಲ್ಲಿ ಓರೆ ಗೆರೆ, ಉಜ್ಜುತ್ತಾ ನಡುಮಧ್ಯಕ್ಕೆ ಇಳಿದರೆ ಬಾಗಿದ ಗೆರೆ, ನಕ್ಷತ್ರದಂಥ ಆಕಾರ. ಮೀನಿನ ಮುಳ್ಳೇ ಬೇಕಿದ್ದರೆ ತಗ್ಗನ್ನು ಬಡಿದೇ ಇಳಿಸಿ.

ಮೂಸೆ_1795:
ಮೇಲಿನವರ ಲೆಕ್ಕಕ್ಕೆ ತಕರಾರಿಲ್ಲ. ಆದರೆ 15ಎನ್20 ಹಾಕಿದ ಮೇಲೆ ಅದು ನೋಟಕ್ಕಷ್ಟೇ ಪ್ರತಿಕೃತಿ, ಲೋಹದಲ್ಲಿ ಅಲ್ಲ. ಅದು ಬೆಳ್ಳಗೆ ಉಳಿಯುವುದು ಸುಮಾರು 2% ನಿಕಲ್‌ನಿಂದ. ಆ ಕಾಲದ ಕಮ್ಮಾರರು ಆ ಕೆಲಸಕ್ಕೆ ಬಳಸಿದ್ದು ರಂಜಕ ಹೆಚ್ಚಿರುವ ಕಬ್ಬಿಣ. ಇಂಗಾಲದ ವ್ಯತ್ಯಾಸವನ್ನೇ ನಂಬಿದರೆ ವಿನ್ಯಾಸ ಮಸುಕಾಗುತ್ತದೆ. 7 ಪದರದ 8 ಮಿ.ಮೀ. ಸರಳಿನಲ್ಲಿ ಒಂದು ಪದರ 1 ಮಿ.ಮೀ. ಚಿಲ್ಲರೆ, ನಾಲ್ಕಾರು ಬೆಸುಗೆ ಕಾವಿನಲ್ಲಿ ಇಂಗಾಲ ಪದರದಿಂದ ಪದರಕ್ಕೆ ಹರಿದು ಬಹುಮಟ್ಟಿಗೆ ಸಮನಾಗುತ್ತದೆ. ರಂಜಕ, ನಿಕಲ್ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ರಂಜಕದ ಕಬ್ಬಿಣಕ್ಕೆ ತಣ್ಣಗಿದ್ದಾಗ ಪೆಡಸು ಹೆಚ್ಚು, ಆರಿದ ಮೇಲೆ ಬಗ್ಗಿಸಲು ಹೋಗಬೇಡಿ.

ತಿರುಚಿದ್ದರಿಂದ ಖಡ್ಗ ಗಟ್ಟಿಯಾಗುತ್ತದೆ ಎಂಬ ಹಳೆಯ ಮಾತನ್ನು ಬಿಟ್ಟುಬಿಡಿ. ಬೆಸುಗೆ ಹೆಚ್ಚಿದಷ್ಟೂ ಸೋಲುವ ಜಾಗ ಹೆಚ್ಚು. ಅದು ಅಂದಕ್ಕೆ, ಒಡೆಯನ ಅಂತಸ್ತಿಗೆ ಮಾಡಿದ ಕೆಲಸ.

ನಮ್ಮ ಕಡೆಯ ಆ ಉಕ್ಕು ಬೇರೆಯೇ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ 'ವೂಟ್ಸ್' ಎಂದು ಬರೆದದ್ದು ನಮ್ಮ 'ಉಕ್ಕು' ಪದದ್ದೇ ರೂಪ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದು ಮೂಸೆಯಲ್ಲಿ ಕರಗಿಸಿದ, ಸುಮಾರು 1.5% ಇಂಗಾಲದ ಗಟ್ಟಿ. ಅದರ ಗೆರೆ ಹೊರಗಿನಿಂದ ಬೆಸೆದದ್ದಲ್ಲ, ಒಳಗಿನ ಕಾರ್ಬೈಡ್ (ಕಬ್ಬಿಣ, ಇಂಗಾಲ ಸೇರಿದ) ಕಣಗಳು ಸಾಲುಗಟ್ಟಿದ್ದು. ವನೇಡಿಯಂನಂಥ ಲೋಹ ಅತ್ಯಲ್ಪ ಇದ್ದರೂ ಆ ಸಾಲು ಕಟ್ಟಲು ನೆರವಾಗುತ್ತದೆ. ಬೆಸುಗೆ ಕಾವಿಗೆ ಒಯ್ದರೆ ಕಾರ್ಬೈಡ್ ಕರಗಿ ಗೆರೆ ಅಳಿಸಿಹೋಗುತ್ತದೆ. ಆದ್ದರಿಂದ ಆ ಉಕ್ಕಿನ ಪಟ್ಟಿಯನ್ನು ತಿರುಚಿದ ಸರಳಿನ ಜೊತೆ ಬೆಸೆಯುವ ಯೋಚನೆ ಇದ್ದರೆ ಕೈಬಿಡಿ.

ಹದ:
ನೀರುಣಿಸುವ, ಅಂದರೆ ಕಾದ ಅಲಗನ್ನು ಅದ್ದಿ ಗಡಸು ಮಾಡುವ ಮಾತು ಯಾರೂ ಎತ್ತಲಿಲ್ಲ. ನೀರು ಬೇಡ, 50-60 ಡಿಗ್ರಿಗೆ ಕಾಯಿಸಿದ ಎಣ್ಣೆ, ಅಲಗು ನೆಟ್ಟಗೆ ಇಳಿಯುವಷ್ಟು ಆಳದ ಪೈಪು. ಅಯಸ್ಕಾಂತಕ್ಕೆ ಅಂಟದ ಕಾವಿಗಿಂತ ತುಸು ಮೇಲೆ, 800-820. ಓರೆಯಾಗಿ ಇಳಿಸಿದರೆ ಇಲ್ಲವೇ ಎರಡು ಬಾಯಿಯ ದಪ್ಪ ಸಮ ಇಲ್ಲದಿದ್ದರೆ ಅಲಗು ಸೊಟ್ಟಗಾಗುತ್ತೆ. ಅದಕ್ಕೇ ಬಾಯಿ 1.5 ಮಿ.ಮೀ. ಉಳಿಸಿ ಹದ ಹಾಕೋದು. ತೆಗೆದ ತಕ್ಷಣ, ಇನ್ನೂ 200 ಡಿಗ್ರಿಯ ಮೇಲಿರುವಾಗ, ಕೈಗವಸು ಹಾಕಿ ನೇರ ಮಾಡಿ. ಆಮೇಲೆ ಪೆಡಸು ಇಳಿಸಲು 290 ಡಿಗ್ರಿಯಲ್ಲಿ ಒಂದೊಂದು ಗಂಟೆ, ಎರಡು ಸಲ ಕಾಯಿಸಿ.

ಗೆರೆ ಎಬ್ಬಿಸಲು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿಗೆ (ಪಿಸಿಬಿ) ಬಳಸುವ ಫೆರಿಕ್ ಕ್ಲೋರೈಡ್ ದ್ರಾವಣ 1 ಪಾಲಿಗೆ ನೀರು 3-4 ಪಾಲು, 10 ನಿಮಿಷ, ಕೊನೆಗೆ ಅಡುಗೆ ಸೋಡಾ ನೀರು. ಅಂದಹಾಗೆ ಖಡ್ಗ ಆಯುಧ ನಿಯಮಗಳಲ್ಲಿ ಹೆಸರಿಸಿದ ಆಯುಧ; 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ, ಅಡುಗೆ-ಬೇಸಾಯದಂಥ ಕೆಲಸದ್ದಲ್ಲದ ಚಾಕುವಿಗೂ ಅದೇ ನಿಯಮ. ಶುರು ಮಾಡುವ ಮೊದಲೇ ಠಾಣೆಯಲ್ಲಿ ಕೇಳಿಕೊಳ್ಳಿ.

ಅಡಿಗಲ್ಲು:
ಎಲ್ಲರಿಗೂ ಥ್ಯಾಂಕ್ಸ್. ಬಾಯಿಯ ಸರಳನ್ನು ಎರಡು ತುಂಡು ಮಾಡಿ ಎರಡೂ ಬದಿಗೆ ಬೆಸೆಯೋದಾ, ತುದಿಯಲ್ಲಿ ಬಗ್ಗಿಸಿ ಒಂದೇ ಮಾಡೋದಾ?

ಕುಲುಮೆಕಿಡಿ:
ಒಂದೇ. ಅದಕ್ಕೇ 130 ಸೆಂ.ಮೀ. ಹೇಳಿದ್ದು. ನಾಲ್ಕು ಸರಳಿನ ತುದಿಯನ್ನು ಅರದಿಂದ ದುಂಡಗೆ ಮಾಡಿ, ಬಾಯಿಯ ಸರಳನ್ನು ಕಾಯಿಸಿ ಅದರ ಸುತ್ತ ಬಗ್ಗಿಸಿ. ಬೆಳಕಿಗೆ ಹಿಡಿದರೆ ನಡುವೆ ಕಿಂಡಿ ಕಾಣಬಾರದು. ತಂತಿ ಬಿಗಿದು ತುದಿಯನ್ನೇ ಮೊದಲು ಬೆಸೆಯಿರಿ, ಆಮೇಲೆ ಹಿಡಿಯ ಕಡೆಗೆ ಬನ್ನಿ. ಹಿಡಿಯಿಂದ ಶುರು ಮಾಡಿದರೆ ಬಾಯಿಯ ಸರಳು ಉದ್ದವಾಗುತ್ತಾ ತುದಿಯಲ್ಲಿ ಉಬ್ಬಿ, ಅಲ್ಲಿ ಸಂದು ಬಿಡುತ್ತೆ.