ಅಪ್‌ಡೇಟ್: ನಮ್ಮ ಪರ್ಷಿಯನ್ ಬೆಕ್ಕಿನ ಸಿಕ್ಕು ಬಿಟ್ಟಿತು

ಹೋದ ತಿಂಗಳು ಕೇಳಿದ್ದೆ: ನಮ್ಮ ಪರ್ಷಿಯನ್ ಬೆಕ್ಕು ಮಲ್ಲಿಯ ಕಂಕುಳಲ್ಲೂ ಕಿವಿ ಹಿಂದೆಯೂ ಕೂದಲು ಜಡೆಗಟ್ಟಿದೆ, ಕತ್ತರಿ ಹಾಕಲೇ ಅಂತ. ಬೇಡವೇ ಬೇಡ ಅಂದಿರಿ. ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು. ಡಾಕ್ಟರ್ ಗಂಟನ್ನು ಮೆಲ್ಲಗೆ ಎತ್ತಿ ತೋರಿಸಿದರು: ತೆಳ್ಳಗಿನ ಚರ್ಮವೂ ಅದರ ಜೊತೆಗೇ ಮೇಲೆದ್ದು ಬಂತು. ಕತ್ತರಿ ಹಾಕಿದ್ದರೆ ಚರ್ಮವೇ ಸೀಳುತ್ತಿತ್ತು. ಕಂಕುಳಿನ 2 ಗಂಟುಗಳನ್ನು ಅವರೇ ಟ್ರಿಮ್ಮರ್‌ನಿಂದ ತೆಗೆದರು. ಒಳಗೆ ಚರ್ಮ ಕೆಂಪಗಾಗಿತ್ತು, ನೋಡಿ ಕರುಳು ಚುರ್ ಅಂತು. ಪಾಪ, ಬಾಚಣಿಗೆ ಕಂಡರೆ ಕಚ್ಚಲು ಬರುತ್ತಿದ್ದುದು ಹಠಕ್ಕಲ್ಲ, ನೋವಿಗೆ.

ಕಿವಿ ಹಿಂದಿನದನ್ನು ಮನೆಯಲ್ಲೇ ಬಿಡಿಸಿದೆ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡದ ಕೂದಲನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಶುರುಮಾಡಿ ಎಳೆ ಎಳೆಯಾಗಿ. 4 ದಿನ ಹಿಡಿಯಿತು. ಸಿಕ್ಕು ಬಿಡಿಸುವ ಮೊದಲೇ ಸ್ನಾನ ಮಾಡಿಸಿದ್ದು ನನ್ನ ತಪ್ಪು, ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ.

ಈಗ ದಿನಾ ಊಟವಾದ ಮೇಲೆ 5 ನಿಮಿಷ, ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ. ಹೊಟ್ಟೆ ಮುಟ್ಟಲು ಇನ್ನೂ ಬಿಡುವುದಿಲ್ಲ. ಬಾಲ ಬಡಿಯಲು ಶುರುಮಾಡಿದ ಕೂಡಲೇ ನಿಲ್ಲಿಸುತ್ತೇನೆ. ಕೂದಲುಂಡೆ ವಾಂತಿಯೂ ಕಡಿಮೆಯಾಗಿದೆ. ನಿನ್ನೆ ಗದ್ದ ಬಾಚುವಾಗ ಗುರ್‌ಗುರ್ ಅನ್ನುತ್ತಾ ತಾನೇ ಕತ್ತು ಚಾಚಿದಳು.