ಹವಾಯಿ ಸಂಗೀತಕ್ಕೆ ಅಂತಲೇ ಪ್ರಶಸ್ತಿ ಇದೆಯಾ?

ಪ್ರಶ್ನೆ (ಬೆಳಗಾವಿ): ನಮಸ್ಕಾರ ರೀ. ತೊಡೆ ಮೇಲೆ ಇಟ್ಟುಕೊಂಡು, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ಕಲಿಯುತ್ತಿದ್ದೇನೆ. ಹವಾಯಿ ದ್ವೀಪಗಳ ಆಲ್ಬಮ್‌ಗಳಿಗೆ ಅಲ್ಲಿಯವರೇ ಕೊಡುವ ಪ್ರಶಸ್ತಿ ಇದೆಯಾ? ಕೇಳೋಕೆ ಒಳ್ಳೆಯದು ಹುಡುಕುತ್ತಿದ್ದೇನೆ.

ಉತ್ತರ (ವಿಜಯಪುರ): ಇದೆ ರೀ, ‘ನಾ ಹೋಕು ಹನೋಹನೋ’ ಅಂತ ಅದರ ಹೆಸರು. 1978ರಲ್ಲಿ ಶುರುವಾಯಿತು. ಹೋಕು ಅಂದರೆ ನಕ್ಷತ್ರ. ಹವಾಯಿ ಭಾಷೆಯಲ್ಲಿ ಚೆನ್ನಾಗಿ ಹಾಡಿದವರಿಗೆ ಬೇರೆಯೇ ಗೌರವ ಇದೆ, ನನಗೆ ಅದೇ ಜಾಸ್ತಿ ಇಷ್ಟ.

ಉತ್ತರ (ಜಮಖಂಡಿ): ಗ್ರ್ಯಾಮಿಯಲ್ಲೂ 2005ರಿಂದ 2011ರವರೆಗೆ ಹವಾಯಿ ಆಲ್ಬಮ್‌ಗೆ ಪ್ರತ್ಯೇಕ ಪ್ರಶಸ್ತಿ ಇತ್ತು, ಆಮೇಲೆ ಅದನ್ನು ತೆಗೆದು ಬೇರೆ ಪ್ರಾದೇಶಿಕ ಸಂಗೀತಗಳ ಜೊತೆ ಸೇರಿಸಿಬಿಟ್ಟರು. ಅದು ಸರಿಯಲ್ಲ. ಆದರೂ 2017ರಲ್ಲಿ ಹವಾಯಿಯ ಗಾಯಕ ಕಲಾನಿ ಪೆಆ ಅಲ್ಲೇ ಗೆದ್ದರು. ಅವರಿಂದ ಶುರು ಮಾಡಿ.

ಬೆಳಗಾವಿ: ಥ್ಯಾಂಕ್ಸ್ ಅಣ್ಣ, ಇವತ್ತು ರಾತ್ರಿಯೇ ಕೇಳುತ್ತೇನೆ.