1936ರ ಬಸವನಗುಡಿ, ಸಂಬಂಧ ಕುದುರಿಸುವ ಹುಡುಗಿ: ಎರಡನೇ ಅಂಕ ಕೂರುತ್ತಿಲ್ಲ

ಅಂಕದ ಪರದೆ (ಪ್ರಶ್ನೆ)
ಹವ್ಯಾಸಿ ತಂಡಕ್ಕೆ ತೊಂಬತ್ತು ನಿಮಿಷದ ಹಾಸ್ಯ ನಾಟಕ ಸಿದ್ಧವಾಗುತ್ತಿದೆ. ಕಮಲು ವಕೀಲರ ಒಬ್ಬಳೇ ಮಗಳು. ಗೆಳತಿ ಪದ್ಮಳಿಗೆ ತಾನೇ ಗಂಡು ಹುಡುಕುತ್ತೇನೆಂದು ಹೊರಡುತ್ತಾಳೆ. ಪದ್ಮಳಿಗೆ ಪಕ್ಕದ ಬೀದಿಯ ಮೇಷ್ಟ್ರು ಇಷ್ಟ. ಕಮಲು ತಂದು ನಿಲ್ಲಿಸುವುದು ಅಮಲ್ದಾರರ ಹಿರಿಮಗನನ್ನು, ಅವನು ಬರುತ್ತಿರುವುದು ಕಮಲುಗಾಗಿ. ಎರಡನೇ ಅಂಕದ ಕೊನೆಗೆ ಗುಟ್ಟು ಬಯಲಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ಕಮಲು ಬರೀ ಜಂಬಗಾತಿಯಾಗಿ ಕಾಣುತ್ತಾಳೆ. ತಪ್ಪೆಲ್ಲಿ? ಇನ್ನೊಂದು: ವಿದ್ಯಾರ್ಥಿ ಭವನದಲ್ಲಿ ದೋಸೆಯ ದೃಶ್ಯ, ಸಿಟಿ ಬಸ್ಸಿನಲ್ಲಿ ಜಗಳದ ದೃಶ್ಯ ಇವೆ. ಕಾಲಕ್ಕೆ ಒಪ್ಪುತ್ತವೆಯೇ?

ಪಡಸಾಲೆ
ಗುಟ್ಟನ್ನು ಅಷ್ಟು ಹೊತ್ತು ಬಚ್ಚಿಟ್ಟಿದ್ದೇ ತಪ್ಪು. ಹುಡುಗನ ಮನಸ್ಸು ಯಾರ ಮೇಲಿದೆ ಅನ್ನೋದು ಮೊದಲ ಇಪ್ಪತ್ತು ನಿಮಿಷದೊಳಗೆ ಪ್ರೇಕ್ಷಕರಿಗೆ ತಿಳಿದಿರಬೇಕು, ಕಮಲುಗೆ ಮಾತ್ರ ತಿಳಿಯಬಾರದು. ಆಗ ಅವಳ ಪ್ರತಿ ಮಾತೂ ನಗು ತರಿಸುತ್ತೆ, ಜೊತೆಗೆ ‘ಅಯ್ಯೋ ಪಾಪ’ ಅಂತಲೂ ಅನ್ನಿಸುತ್ತೆ.

ಹೆಣ್ಣು ನೋಡುವ ಶಾಸ್ತ್ರದಲ್ಲೇ ಶುರು ಮಾಡಿ. ಪದ್ಮ ತಟ್ಟೆ ಹಿಡಿದು ಬರುತ್ತಾಳೆ. ಹುಡುಗ ಲೋಟ ತಗೊಳ್ಳುತ್ತಾನೆ, ಆದರೆ ಕಣ್ಣು ನಡುಮನೆಯ ಬಾಗಿಲ ಪರದೆಯ ಮೇಲೆ. ಪರದೆಯ ಕೆಳಗೆ ಕಮಲುವಿನ ಕಾಲುಗಳು ಕಾಣುತ್ತಿವೆ. ಬಿಸಿ ತಾಗಿ ಲೋಟ ಕೈ ಬದಲಾಯಿಸುತ್ತಾನೆ, ಕಣ್ಣು ಮಾತ್ರ ಕದಲಲ್ಲ. ಕಮಲು, “ನೋಡಿದ್ಯಾ, ನಾಚಿಕೆಗೆ ನಿನ್ನ ಮುಖಾನೂ ನೋಡಲಿಲ್ಲ!” ಅಂತ ಆಮೇಲೆ ಪದ್ಮಳಿಗೆ ಹೇಳಲಿ. ಈ ಜಾತಿಯ ತಪ್ಪು ತಿಳಿವಳಿಕೆ ಮೂರು ಸಾಕು, ನಾಲ್ಕನೆಯದಕ್ಕೆ ಜನ ಸೀಟಿನಲ್ಲಿ ಮಿಸುಕಾಡುತ್ತಾರೆ. ಮೂರನೆಯದರಿಂದ ಪದ್ಮಳಿಗೆ ನಿಜವಾದ ನಷ್ಟ ಆಗಬೇಕು: ಕಮಲುವಿನ ಮಾತು ಕೇಳಿ ಮೇಷ್ಟ್ರ ಕಾಗದವನ್ನು ಒಡೆಯದೆ ಹಿಂದಿರುಗಿಸಲಿ.

ಎರಡನೇ ಅಂಕಕ್ಕೆ ಗಡುವು ಕೊಡಿ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಎಲ್ಲರಿಗೂ ಆತುರ. ಜ್ಯೇಷ್ಠದಲ್ಲಿ ಮುಹೂರ್ತ ಇಡೋಣ ಅನ್ನುತ್ತಾಳೆ ಕಮಲು. ಅಮಲ್ದಾರರು, “ಬೇಡ, ತ್ರಿಜ್ಯೇಷ್ಠ ಆಗುತ್ತೆ, ವೈಶಾಖದಲ್ಲೇ ಮುಗಿಸೋಣ” ಅನ್ನಲಿ. ಜ್ಯೇಷ್ಠ ಮಾಸದಲ್ಲಿ ಚೊಚ್ಚಲ ಗಂಡಿಗೆ ಚೊಚ್ಚಲ ಹೆಣ್ಣನ್ನು ತಂದು ಮದುವೆ ಮಾಡಲ್ಲ, ಮೂರು ಜ್ಯೇಷ್ಠ ಸೇರುತ್ತೆ ಅಂತ. ಪದ್ಮಳನ್ನು ಎರಡನೇ ಮಗಳು ಅಂತ ಮೊದಲ ಅಂಕದಲ್ಲೇ ಹೇಳಿಸಿಬಿಟ್ಟಿದ್ದರೆ, ಅವರು ಯಾವ ಚೊಚ್ಚಲ ಹುಡುಗಿಯ ಮಾತಾಡುತ್ತಿದ್ದಾರೆ ಅಂತ ಇಡೀ ಸಭಾಂಗಣಕ್ಕೆ ಹೊಳೆಯುತ್ತೆ. ಕಮಲು ಪಂಚಾಂಗದ ಹಾಳೆ ಮಗುಚುತ್ತಲೇ ಇರಲಿ.

ಗೋತ್ರದ ಬಗ್ಗೆ ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯರಿಗೆ ಕೊನೆಯವರೆಗೂ ಅದೇ ಚಿಂತೆ.

ಜಟಕಾ ಸ್ಟ್ಯಾಂಡ್
ಎರಡೂ ಒಪ್ಪಲ್ಲ. ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಸಿಟಿ ಬಸ್ಸು ಓಡಿಸುತ್ತಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಂದದ್ದು 1940ರಲ್ಲಿ. ದೋಸೆಯನ್ನು ಮನೆಯಲ್ಲೇ ಹುಯ್ಯಿಸಿ, ಬಸ್ಸಿನ ಬದಲು ಜಟಕಾ ತನ್ನಿ. ರಂಗದ ಮೇಲೆ ಅದು ಬಸ್ಸಿಗಿಂತ ಎಷ್ಟೋ ಮೇಲು: ಒಂದು ಬೆಂಚು, ಒಂದು ಬಿದಿರಿನ ಕಮಾನು, ಮುಂದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಕೂತ ಜಟಕಾವಾಲ. ಜಾಗ ಇಕ್ಕಟ್ಟು, ಜಗಳ ಆಡಿದವರು ಇಳಿದು ಹೋಗೋ ಹಾಗಿಲ್ಲ.

ಬಾಡಿಗೆಯ ಚೌಕಾಸಿ ಆಣೆ ಕಾಸಿನಲ್ಲಿರಲಿ: ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು. ನಯಾ ಪೈಸೆ ಬಂದದ್ದು 1957ರಲ್ಲಿ. ಕಾಫಿ ಲೋಟ ಸ್ಟೀಲಿನದಾದರೆ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತೀರಿ, ಕಲಾಯಿ ಹಾಕಿದ ಹಿತ್ತಾಳೆಯದೇ ಬೇಕು. ಊರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಆದ್ದರಿಂದ ವಕೀಲರ ಮನೆಗೆ ಬಲ್ಬು, ಮೇಷ್ಟ್ರ ಕೋಣೆಗೆ ಲಾಟೀನು. ಇಬ್ಬರ ಅಂತಸ್ತೂ ಮಾತಿಲ್ಲದೆ ತಿಳಿಯುತ್ತೆ. ಲಾಟೀನಿನೊಳಗೆ ಬ್ಯಾಟರಿಯ ಹಳದಿ ಬಲ್ಬು ಹಾಕಿ, ನಿಜವಾದ ಬೆಂಕಿ ಬೇಡ.

ಜರಿಯಂಚು
ಉಡುಪಿನಲ್ಲಿ ತಾಯಂದಿರಿಗೆ ಹದಿನೆಂಟು ಮೊಳದ ಸೀರೆ ಕಚ್ಚೆ ಹಾಕಿ, ಕಮಲುಗೆ ಆರು ಗಜದ್ದು. ಕಚ್ಚೆ ಸೀರೆಯನ್ನು ನೇಪಥ್ಯದಲ್ಲಿ ಉಡಿಸೋಕೆ ಹತ್ತು ನಿಮಿಷವಾದರೂ ಬೇಕು. ದೃಶ್ಯಗಳ ನಡುವೆ ಅಷ್ಟು ಸಮಯ ಸಿಗಲ್ಲ, ಸೊಂಟಕ್ಕೆ ಲಾಡಿ ಇಟ್ಟು ನೆರಿಗೆ ಹೊಲಿಸಿಡಿ. ಪ್ಲಾಸ್ಟಿಕ್ ಜರಿ ಎಲ್‌ಇಡಿ ದೀಪದಡಿ ಕನ್ನಡಿಯಂತೆ ಹೊಳೆದು ಮುಖವನ್ನೇ ನುಂಗುತ್ತೆ, ಹತ್ತಿಯ ಇಳಕಲ್ ಉತ್ತಮ. ಹಣೆಗೆ ಸ್ಟಿಕ್ಕರ್ ಬೇಡ, ಮೇಣ ತೀಡಿ ಕುಂಕುಮ ಒತ್ತಿ, ಬೆವರಿಗೂ ಜಾರಲ್ಲ. ಕಾಲರ್ ಮೈಕ್ ಇದ್ದರೆ ಗಾಜಿನ ಬಳೆ ಕೈಗೆ ಎರಡೇ ಸಾಕು, ಜಾಸ್ತಿ ಇದ್ದರೆ ಪಿಸುಮಾತು ಕೇಳಿಸಲ್ಲ.

ಅಂಕದ ಪರದೆ
ಚೊಚ್ಚಲಿನ ವಿಷಯ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ ಆಯ್ತು. ಕಮಲು ಕ್ಷಮೆ ಕೇಳುವುದು ಎಲ್ಲಿ ಬರಲಿ? ಈಗ ಎಲ್ಲರೆದುರು ಉದ್ದ ಭಾಷಣ ಇದೆ.

ಪಡಸಾಲೆ
ಭಾಷಣ ತೆಗೆಯಿರಿ. ಪದ್ಮ ಒಬ್ಬಳೇ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿರಲಿ. ವೈಶಾಖವಾದರೆ ಅವರೆ ಸಿಗಲ್ಲ, ಅಕ್ಕಿ ಆರಿಸುತ್ತಿರಲಿ. ಕಮಲು ಬಂದು ಎದುರು ಕೂತು, ಅದೇ ಮೊರಕ್ಕೆ ಕೈ ಹಾಕಿ ಕಲ್ಲು ಹೆಕ್ಕಲಿ. ಅರ್ಧ ನಿಮಿಷ ಮೌನ, ಮೊರದ ಸದ್ದು ಮಾತ್ರ. ಆಮೇಲೆ ಒಂದೇ ಮಾತು: “ಮೇಷ್ಟ್ರಿಗೆ ನಾನೇ ಹೋಗಿ ಹೇಳ್ತೀನಿ ಕಣೆ, ಕಾಗದ ವಾಪಸ್ ಕಳಿಸಿದ್ದು ನನ್ನ ಮಾತಿಗೆ ಅಂತ.” ಪದ್ಮ ಉತ್ತರ ಕೊಡದೆ ಮೊರವನ್ನು ಅವಳ ಕಡೆಗೆ ಸರಿಸಿದರೆ ಸಾಕು, ದೀಪ ಆರಿಸಿ.